ಬಲಗಡೆ ಡಿಫೆನ್ಸ್ ಖಾಲಿ ಇದ್ದಾಗ

ಒಟ್ಟಾವಾದಲ್ಲಿ ನಾವು ಆಡುವುದು ದೊಡ್ಡವರ ಹವ್ಯಾಸಿ ಐಸ್ ಹಾಕಿ ಲೀಗ್. ಎಲ್ಲರಿಗೂ ಹಗಲು ಕೆಲಸ, ಮನೆಯಲ್ಲಿ ಮಕ್ಕಳು, ಪಂದ್ಯ ನೋಡಿದರೆ ರಾತ್ರಿ ಹತ್ತೂವರೆಗೆ. ಹೀಗಾಗಿ ಪ್ರತಿ ವಾರ ಯಾರಾದರೂ ಒಬ್ಬರು ತಪ್ಪಿಸಿಕೊಳ್ಳುತ್ತಾರೆ. ಫಾರ್ವರ್ಡ್‌ಗಳು ಬರದಿದ್ದರೆ ಹೇಗೋ ನಡೆಯುತ್ತದೆ, ಇದ್ದವರೇ ಬೇಗ ಬೇಗ ಇಳಿದು ಆಡಬಹುದು. ಡಿಫೆನ್ಸ್‌ನವರು ಇಬ್ಬರು ಬರದಿದ್ದರೆ ಕಷ್ಟ. ಆಗ ಫಾರ್ವರ್ಡ್ ಒಬ್ಬರನ್ನು ಹಿಂದಕ್ಕೆ ಕಳಿಸಲೇಬೇಕು. ಯಾರನ್ನು ಕಳಿಸುವುದು?

ನಮ್ಮ ತಂಡದಲ್ಲಿ ಆ ಕೆಲಸ ಬಲಗಡೆಯ ಫಾರ್ವರ್ಡ್ ಆದ ನನಗೆ ಬಂತು. ನಾನು ರೈಟ್ ವಿಂಗರ್. ಹಿಂದಕ್ಕೆ ಸ್ಕೇಟ್ ಮಾಡುವುದರಲ್ಲಿ ನನಗಿಂತ ಚೆನ್ನಾಗಿರುವವರು ತಂಡದಲ್ಲಿ ಇದ್ದರು. ಆದರೂ ಕ್ಯಾಪ್ಟನ್ ನನ್ನನ್ನೇ ಕೇಳಿದ್ದಕ್ಕೆ ಒಂದೇ ಕಾರಣ, ನಾನು ಸ್ಟಿಕ್ ಹಿಡಿಯುವ ಕೈ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಬೆಳೆದದ್ದು ವಿರಾಜಪೇಟೆಯ ಹತ್ತಿರ. ಅಲ್ಲಿ ಹಾಕಿ ಅಂದರೆ ಮೈದಾನದ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ಮೇಲಂತೂ ಬೇಸಿಗೆ ರಜೆ ಬಂತೆಂದರೆ ನಮಗೆ ಬೇರೆ ಮಾತೇ ಇರಲಿಲ್ಲ. ಮೈದಾನದ ಹಾಕಿಯಲ್ಲಿ ಸ್ಟಿಕ್‌ನ ಒಂದೇ ಮುಖ ಚಪ್ಪಟೆ, ಆ ಮುಖದಿಂದಲೇ ಆಡಬೇಕು, ಎಡಗೈ ಮೇಲೆ, ಬಲಗೈ ಕೆಳಗೆ. ಎಡಚರಿಗೂ ಅದೇ ಸ್ಟಿಕ್, ಅದೇ ಹಿಡಿತ. ಐಸ್ ಹಾಕಿಯಲ್ಲಿ ಹಾಗಿಲ್ಲ. ಎರಡೂ ಕಡೆಯ ಸ್ಟಿಕ್ ಸಿಗುತ್ತದೆ, ಅವರವರಿಗೆ ಯಾವುದು ಹೊಂದುತ್ತದೋ ಅದು. ಕೆನಡಾದಲ್ಲಿ ಎಡಗೈ ಕೆಳಗೆ ಹಿಡಿಯುವವರೇ ಜಾಸ್ತಿ, ಅವರನ್ನು ಲೆಫ್ಟ್ ಶಾಟ್ ಅಂತಾರೆ. ನಾನು ಊರಿನ ಅಭ್ಯಾಸದಲ್ಲಿ ಬಲಗೈ ಕೆಳಗಿಟ್ಟೇ ಐಸ್‌ಗೆ ಬಂದೆ, ಹಾಗೇ ರೈಟ್ ಶಾಟ್ ಆಗಿಬಿಟ್ಟೆ. ರೈಟ್ ಶಾಟ್ ಡಿಫೆನ್ಸ್‌ಮನ್‌ಗಳಿಗೆ ಎಲ್ಲ ಕಡೆ ಬರ. ಇಲ್ಲಿನ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳೇ ಅವರಿಗಾಗಿ ಪರದಾಡುತ್ತವೆ, ಇನ್ನು ನಮ್ಮಂಥವರ ಲೀಗ್‌ನಲ್ಲಿ ಕೇಳಬೇಕಾ?

ಬಲಗಡೆ ನಿಲ್ಲುವವರಿಗೆ ಆ ಕೈ ಯಾಕೆ ಬೇಕು ಅನ್ನುವುದು ಆಡಿದ ಮೇಲೆ ನನಗೆ ಅರ್ಥವಾಯಿತು. ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಮೇಲೆ ಬಲಗಡೆ ನಿಂತಿದ್ದೀರಿ ಅಂದುಕೊಳ್ಳಿ. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಬೋರ್ಡ್‌ಗೆ, ಅಂದರೆ ಐಸ್ ಸುತ್ತಲಿನ ಗೋಡೆಗೆ, ಅಂಟಿಕೊಂಡು ಜೋರಾಗಿ ನಿಮ್ಮ ಕಡೆ ಬರುತ್ತಿದೆ. ರೈಟ್ ಶಾಟ್ ಆದರೆ ಸ್ಟಿಕ್‌ನ ಬ್ಲೇಡ್ ಬೋರ್ಡ್ ಕಡೆಗೇ ಇರುತ್ತದೆ, ಫೋರ್‌ಹ್ಯಾಂಡ್‌ನಲ್ಲಿ ತಡೆಯಬಹುದು. ಲೆಫ್ಟ್ ಶಾಟ್ ಆದರೆ ಬ್ಯಾಕ್‌ಹ್ಯಾಂಡ್‌ನಲ್ಲಿ ಒದ್ದಾಡಬೇಕು, ಪಕ್ ಗೆರೆ ದಾಟಿ ಹೊರಗೆ ಹೋಗಿಬಿಡುತ್ತದೆ, ಆಮೇಲೆ ಒಳಗಿರುವ ನಮ್ಮ ತಂಡದವರೆಲ್ಲ ಹೊರಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ನಮ್ಮ ವಲಯದಲ್ಲೂ ಅಷ್ಟೇ. ಬಲಗಡೆಯ ಬೋರ್ಡ್ ಹತ್ತಿರ ಕಾಯುವ ವಿಂಗರ್‌ಗೆ ಪಾಸ್ ಕೊಡಲು ಫೋರ್‌ಹ್ಯಾಂಡ್ ಸಿಕ್ಕರೆ ಕೆಲಸ ಅರ್ಧ ಮುಗಿದಂತೆ.

ಒಪ್ಪಿಕೊಂಡ ಮೇಲೆ ಮೊದಲು ಮಾಡಿದ್ದು ಹಿಂದಕ್ಕೆ ಸ್ಕೇಟ್ ಮಾಡುವ ಅಭ್ಯಾಸ. ಮಧ್ಯಾಹ್ನದ ಹೊತ್ತು ಇಲ್ಲಿನ ರಿಂಕ್‌ನಲ್ಲಿ, ಅಂದರೆ ಐಸ್ ಅಂಗಳದಲ್ಲಿ, ಸಾರ್ವಜನಿಕರಿಗೆ ಸ್ಟಿಕ್ ಮತ್ತು ಪಕ್ ತರಲು ಬಿಡುವ ಸಮಯ ಇರುತ್ತದೆ. ಆಗ ಒಂದು ಮೂಲೆಯಲ್ಲಿ ಸುಮ್ನೆ ಹಿಂದಕ್ಕೆ ಹೋಗುತ್ತಲೇ ಇರುತ್ತಿದ್ದೆ. ಇಂಗ್ಲಿಷ್‌ನ ಸಿ ಅಕ್ಷರದ ಆಕಾರದಲ್ಲಿ ಒಂದೊಂದೇ ಕಾಲಿನಿಂದ ಐಸ್ ತಳ್ಳುವುದು, ಮಂಡಿ ಬಗ್ಗಿಸಿ, ಎದೆ ಎತ್ತಿ, ಒಂದೇ ಕೈಯಲ್ಲಿ ಸ್ಟಿಕ್ ಮುಂದೆ ಚಾಚಿ. ಫಾರ್ವರ್ಡ್‌ಗಳಿಗೂ ಹಿಂದಕ್ಕೆ ಹೋಗಲು ಬರುತ್ತದೆ, ಬರುವುದಿಲ್ಲ ಅಂತಲ್ಲ. ಆದರೆ ನಮಗೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ಅಭ್ಯಾಸ. ಡಿಫೆನ್ಸ್‌ನವರು ಅದರಲ್ಲೇ ವೇಗ ಹೆಚ್ಚಿಸಬೇಕು, ಕಡಿಮೆ ಮಾಡಬೇಕು, ಪಕ್ಕಕ್ಕೆ ಸರಿಯಬೇಕು, ಕೊನೆಗೆ ತಿರುಗಿ ಮುಂದಕ್ಕೆ ಓಡಬೇಕು.

ಈ ತಿರುಗುವುದೇ ಕಷ್ಟದ ಭಾಗ. ಎದುರಾಳಿ ನಿಮ್ಮ ಹೊರಗಡೆಯಿಂದ ಬೋರ್ಡ್ ಪಕ್ಕದಲ್ಲಿ ನುಗ್ಗಲು ನೋಡುತ್ತಾನೆ. ಹಿಂದಕ್ಕೆ ಹೋಗುತ್ತಾ ಅವನ ಜೊತೆ ಓಡಲು ಆಗುವುದಿಲ್ಲ, ಅವನು ಮುಂದಕ್ಕೆ ಬರುತ್ತಿರುವುದರಿಂದ ಅವನ ವೇಗವೇ ಹೆಚ್ಚು. ಹಾಗಾಗಿ ಸರಿಯಾದ ಕ್ಷಣದಲ್ಲಿ ಸೊಂಟ ತೆರೆದು, ಒಂದು ಪಾದ ಹೊರಳಿಸಿ, ವೇಗ ಬಿಡದೆ ಮುಂದಕ್ಕೆ ತಿರುಗಬೇಕು. ಬೇಗ ತಿರುಗಿದರೆ ಅವನು ಒಳಗೆ ಕತ್ತರಿಸಿ ನೇರ ಗೋಲಿನ ಮುಂದೆ ಹೋಗುತ್ತಾನೆ. ತಡ ಮಾಡಿದರೆ ಪಕ್ಕದಿಂದ ದಾಟಿಬಿಡುತ್ತಾನೆ. ನನಗೆ ಬಲಕ್ಕೆ ತಿರುಗುವುದು ಬೇಗ ಹತ್ತಿತು, ಎಡಕ್ಕೆ ಬಹಳ ಕಾಲ ಹಿಡಿಯಿತು. ಅದಕ್ಕೆ ಅಭ್ಯಾಸದಲ್ಲಿ ಎಡಗಡೆಯದ್ದನ್ನೇ ಜಾಸ್ತಿ ಮಾಡಿದೆ.

ಆದರೆ ನಿಜವಾಗಿ ಕಲಿಯಬೇಕಾದ್ದು ಕಾಲಿನದ್ದಲ್ಲ ಅಂತ ಪಂದ್ಯ ಆಡಲು ಶುರು ಮಾಡಿದ ಮೇಲೆ ಗೊತ್ತಾಯಿತು. ಅದು ದೂರದ ಲೆಕ್ಕ. ಗ್ಯಾಪ್ ಅಂತಾರೆ, ಪಕ್ ತರುತ್ತಿರುವವನಿಗೂ ನಿಮಗೂ ನಡುವಿನ ಅಂತರ.

ಫಾರ್ವರ್ಡ್ ಆಗಿ ನಮ್ಮ ಮೈಯಲ್ಲಿ ಕೂತಿರುವ ಬುದ್ಧಿ ಒಂದೇ. ಪಕ್ ಇರುವವನ ಮೇಲೆ ನುಗ್ಗು, ಕಸಿದುಕೋ. ಹಿಂದೆ ಯಾರೋ ಇದ್ದಾರೆ ಅನ್ನುವ ಧೈರ್ಯ ಇರುತ್ತದೆ. ಡಿಫೆನ್ಸ್‌ನಲ್ಲಿ ಹಿಂದೆ ಗೋಲಿ (ಗೋಲ್‌ಕೀಪರ್) ಬಿಟ್ಟರೆ ಯಾರೂ ಇಲ್ಲ. ನುಗ್ಗಿ ತಪ್ಪಿದರೆ ಮುಗಿಯಿತು. ಹೆದರಿ ತುಂಬಾ ಹಿಂದೆ ಸರಿದರೂ ಮುಗಿಯಿತು, ಯಾಕೆಂದರೆ ನಮ್ಮ ನೀಲಿ ಗೆರೆಯನ್ನು ಅವನಿಗೆ ಬಿಟ್ಟುಕೊಟ್ಟಂತೆ. ಎನ್‌ಎಚ್‌ಎಲ್ ಅಳತೆಯ ರಿಂಕ್‌ನಲ್ಲಿ ಎರಡು ನೀಲಿ ಗೆರೆಗಳ ನಡುವೆ 50 ಅಡಿ ಇದೆ, ನೀಲಿ ಗೆರೆಯಿಂದ ಗೋಲಿನ ಗೆರೆಗೆ 64 ಅಡಿ. ಆ ಮಧ್ಯದ 50 ಅಡಿಯಲ್ಲೇ ಅಂತರ ಸರಿ ಮಾಡಿಕೊಳ್ಳಬೇಕು. ಅವನು ನಮ್ಮ ಗೆರೆ ಮುಟ್ಟುವ ಹೊತ್ತಿಗೆ ಒಂದು ಸ್ಟಿಕ್ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ದೂರದಲ್ಲಿ ಇದ್ದರೆ ಅವನು ಏನಾದರೂ ಒಂದು ತೀರ್ಮಾನ ತೆಗೆದುಕೊಳ್ಳಲೇಬೇಕಾಗುತ್ತದೆ, ಪಕ್ ಒಳಗೆ ಎಸೆಯಬೇಕು, ಇಲ್ಲವೇ ಪಾಸ್ ಕೊಡಬೇಕು, ಇಲ್ಲವೇ ಬೋರ್ಡ್ ಕಡೆಗೆ ಹೋಗಬೇಕು, ಮೂರರಲ್ಲಿ ಯಾವುದಾದರೂ ನಮಗೆ ಒಳ್ಳೆಯದೇ.

ನಮ್ಮ ತಂಡದ ಹಿರಿಯ ಡಿಫೆನ್ಸ್‌ಮನ್ ಒಬ್ಬರು ನನಗೆ ಹೇಳಿಕೊಟ್ಟದ್ದು ಇನ್ನೂ ನೆನಪಿನಲ್ಲಿದೆ. ಪಕ್ ನೋಡಬೇಡ, ಅವನ ಎದೆ ನೋಡು. ಕೈ, ಕಣ್ಣು, ಭುಜ ಎಲ್ಲ ಮೋಸ ಮಾಡುತ್ತವೆ, ಎದೆ ಎಲ್ಲಿ ಹೋಗುತ್ತದೋ ಅಲ್ಲೇ ಅವನು ಹೋಗುವುದು. ನಿನ್ನ ಹೊರಗಿನ ಭುಜ ಅವನ ಒಳಗಿನ ಭುಜಕ್ಕೆ ನೇರವಾಗಿರಲಿ. ಆಗ ಅವನಿಗೆ ಕಾಣುವ ದಾರಿ ಬೋರ್ಡ್ ಕಡೆಯದ್ದು ಮಾತ್ರ. ಆ ದಾರಿಯನ್ನು ನೀನೇ ಕೊಟ್ಟಿದ್ದೀಯ, ಆಮೇಲೆ ನೀನೇ ಮುಚ್ಚು. ನಮ್ಮ ಲೀಗ್‌ನಲ್ಲಿ ಮೈಯಿಂದ ಗುದ್ದುವಂತಿಲ್ಲ, ಹಾಗಾಗಿ ನಿಂತ ಜಾಗ ಮತ್ತು ಸ್ಟಿಕ್ ಇವೆರಡೇ ಆಸರೆ.

ಕಾಯುವುದು ಇಷ್ಟು ಕಷ್ಟದ ಕೆಲಸ ಅಂತ ನಾನು ಅಂದುಕೊಂಡಿರಲಿಲ್ಲ. ಮನೆಗೆ ಬಂದು ಮಲಗಿದ ಮೇಲೂ ಕಾಲು ಮುಂದಕ್ಕೆ ಓಡಬೇಕು ಅನ್ನುತ್ತಿತ್ತು. ಇಬ್ಬರು ಬರುತ್ತಿದ್ದಾರೆ, ಎದುರಿಗೆ ನಾನೊಬ್ಬನೇ ಅನ್ನುವ ಸ್ಥಿತಿ ಬಂದಾಗ ಇದು ಇನ್ನೂ ಜಾಸ್ತಿ. ಆಗ ಮಾಡಬೇಕಾದ್ದು ಹೇಳಲು ಸುಲಭ: ನಡುವೆ ಇರು, ಪಾಸ್ ದಾರಿ ಮುಚ್ಚು, ಹೊಡೆಯುವವನನ್ನು ಗೋಲಿಯ ಪಾಲಿಗೆ ಬಿಡು. ಪಕ್ ಹಿಡಿದವನನ್ನು ಬಿಟ್ಟು ಇನ್ನೊಬ್ಬನ ದಾರಿ ಕಾಯುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಅಲ್ವಾ? ಗೋಲಿಯ ಮೇಲೆ ನಂಬಿಕೆ ಇಲ್ಲದೆ ಅದು ಆಗುವುದೇ ಇಲ್ಲ. ಅದಕ್ಕೆ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಪಂದ್ಯಕ್ಕೆ ಮೊದಲು ಡ್ರೆಸ್ಸಿಂಗ್ ರೂಮಿನಲ್ಲಿ ನಮ್ಮ ಗೋಲಿಯ ಪಕ್ಕ ಕೂತು ಮಾತಾಡಿದ್ದು. ಏನು ಬೇಕು ಅಂತ ಕೇಳಿದೆ. ಅವರಿಗೆ ಬೇಕಾದ್ದು ಎರಡೇ. ಒಂದು, ಕೊನೆಯ ಕ್ಷಣದ ಅಡ್ಡ ಪಾಸ್ ಬರದಂತೆ ನೋಡಿಕೊಳ್ಳುವುದು. ಇನ್ನೊಂದು, ದೂರದಿಂದ ಹೊಡೆಯುವಾಗ ಅವರ ಕಣ್ಣಿಗೆ ಅಡ್ಡ ನಿಲ್ಲದಿರುವುದು. ಪಕ್ ತಡೆಯುವುದಾದರೆ ಪೂರ್ತಿ ತಡೆ, ಇಲ್ಲದಿದ್ದರೆ ದಾರಿ ಬಿಡು, ಅರ್ಧ ಮಾತ್ರ ಬೇಡ ಅಂದರು.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಎದುರಾಳಿ ಪಕ್ ಅನ್ನು ನಮ್ಮ ಮೂಲೆಗೆ ಎಸೆಯುತ್ತಾನೆ, ನಾವು ಬೆನ್ನು ತೋರಿಸಿ ಅದನ್ನು ತರಲು ಓಡುತ್ತೇವೆ, ಹಿಂದಿನಿಂದ ಅವನ ಫಾರ್ವರ್ಡ್ ಅಟ್ಟಿಸಿಕೊಂಡು ಬರುತ್ತಾನೆ. ಅವನ ಸ್ಕೇಟಿನ ಸದ್ದು ಕೇಳಿಸುತ್ತಿರುತ್ತದೆ. ಇಲ್ಲಿ ಎಲ್ಲವನ್ನೂ ಪಕ್ ಮುಟ್ಟುವ ಮೊದಲೇ ಮಾಡಿ ಮುಗಿಸಿರಬೇಕು. ಓಡುತ್ತಾ ಒಂದು ಸಲ ಭುಜದ ಮೇಲಿಂದ ಹಿಂದೆ ನೋಡಬೇಕು, ಪಕ್ ಹತ್ತಿರ ಬಂದಾಗ ಇನ್ನೊಂದು ಸಲ. ಎಷ್ಟು ಜನ ಬರುತ್ತಿದ್ದಾರೆ, ಯಾವ ಕಡೆಯಿಂದ, ನಮ್ಮವರು ಎಲ್ಲಿದ್ದಾರೆ. ಒಬ್ಬನೇ ಬಂದು ಒಂದು ಕಡೆ ವಾಲಿದ್ದರೆ ಗೋಲಿನ ಹಿಂದಿನಿಂದ ಸುತ್ತಿ ಹೋಗಬಹುದು, ಅವನಿಗೆ ಬಲೆಯೇ ಅಡ್ಡ ಬರುತ್ತದೆ. ಹತ್ತಿರವೇ ಬಂದುಬಿಟ್ಟಿದ್ದರೆ ಜೊತೆಗಾರ ಡಿಫೆನ್ಸ್‌ಗೆ ಹಿಂದಕ್ಕೆ ತಳ್ಳಬಹುದು. ಸೆಂಟರ್ (ನಡುವಿನ ಫಾರ್ವರ್ಡ್) ಕೆಳಗೆ ಬಂದಿದ್ದರೆ ಚಿಕ್ಕ ಪಾಸ್. ಏನೂ ಸಿಗದಿದ್ದರೆ ಬೋರ್ಡ್ ಮೇಲಿನ ಗಾಜಿಗೆ ಎತ್ತಿ ಹೊಡೆದು ನಮ್ಮ ವಲಯದಿಂದ ಹೊರಗೆ ಹಾಕುವುದು, ಅದೂ ಹದವಾಗಿ. ಜೋರು ಜಾಸ್ತಿಯಾಗಿ ಪಕ್ ಆ ಕಡೆಯ ಗೋಲಿನ ಗೆರೆಯವರೆಗೂ ಹೋದರೆ ಐಸಿಂಗ್, ಮತ್ತೆ ನಮ್ಮ ವಲಯದಲ್ಲೇ ಇಬ್ಬರ ನಡುವೆ ಪಕ್ ಬಿಟ್ಟು ಆಟ ಶುರು ಮಾಡುವ ಫೇಸ್‌ಆಫ್.

ಜೊತೆಗಾರನ ಬಾಯಿ ಇಲ್ಲಿ ಬಹಳ ಮುಖ್ಯ. ಬೆನ್ನು ತಿರುಗಿಸಿರುವ ನನಗೆ ಅವನೇ ಕಣ್ಣು. "ಟೈಮ್" ಅಂದರೆ ಹತ್ತಿರ ಯಾರೂ ಇಲ್ಲ, ನಿಧಾನವಾಗಿ ತಿರುಗು. "ಮ್ಯಾನ್ ಆನ್" ಅಂದರೆ ಬಂದೇಬಿಟ್ಟ. ಕೊಡಗಿನ ಮೈದಾನದಲ್ಲಿ ನಾವು ಕೂಗಾಡುತ್ತಿದ್ದದ್ದು ನನಗೆ ಇಲ್ಲಿ ಸಹಾಯಕ್ಕೆ ಬಂತು, ಡಿಫೆನ್ಸ್ ಆಡುವಾಗ ನಾನು ಸುಮ್ಮನಿರುವುದೇ ಇಲ್ಲ.

ವಿಂಗರ್ ಆಗಿದ್ದ ಅನುಭವ ಕೆಲಸಕ್ಕೆ ಬಂದದ್ದೂ ಇದೇ ಜಾಗದಲ್ಲಿ. ವಿಂಗರ್ ಬೋರ್ಡ್‌ಗೆ ಬೆನ್ನು ಕೊಟ್ಟು ಪಾಸ್‌ಗೆ ಕಾಯುತ್ತಾನೆ. ಎದುರಾಳಿಯ ಡಿಫೆನ್ಸ್ ಅವನ ಮೇಲೆ ಇಳಿದು ಬರುತ್ತಿರುತ್ತಾನೆ. ಪಾಸ್ ಒಂದು ಅಡಿ ಹಿಂದೆ ಬಂದರೆ, ಅಥವಾ ಪುಟಿಯುತ್ತಾ ಬಂದರೆ, ತಲೆ ಬಗ್ಗಿಸಿ ಪಾದದ ಹತ್ತಿರ ಹುಡುಕಬೇಕು, ಅಷ್ಟರಲ್ಲಿ ಪಕ್ ಹೋಗಿರುತ್ತದೆ. ಅಂಥ ಪಾಸ್ ತೆಗೆದುಕೊಂಡು ನಾನು ಸಾಕಷ್ಟು ಅನುಭವಿಸಿದ್ದೇನೆ. ಹಾಗಾಗಿ ಹಿಂದಿನಿಂದ ಕೊಡುವಾಗ ಆ ವಿಂಗರ್‌ಗೆ ಎಲ್ಲಿ ಬೇಕು, ಎಷ್ಟು ಜೋರಾಗಿ ಬೇಕು ಅನ್ನುವುದು ಯೋಚಿಸದೆಯೇ ಗೊತ್ತಾಗುತ್ತದೆ. ಚಪ್ಪಟೆಯಾಗಿ, ಬ್ಲೇಡ್ ಮೇಲೆ, ಇಲ್ಲದಿದ್ದರೆ ಕೊಡಲೇಬೇಡ. ತುಂಬಾ ವರ್ಷದಿಂದ ಡಿಫೆನ್ಸ್ ಮಾತ್ರ ಆಡಿದವರಿಗೂ ಇದು ಕೆಲವೊಮ್ಮೆ ಗೊತ್ತಿರುವುದಿಲ್ಲ ಅಂತ ನನಗೆ ಅನಿಸುತ್ತದೆ.

ನೀಲಿ ಗೆರೆಯ ವಿಷಯದಲ್ಲಿ ಮಾತ್ರ ನನ್ನ ಮೈದಾನದ ಬುದ್ಧಿ ಏನೂ ಸಹಾಯ ಮಾಡಲಿಲ್ಲ. ಮೈದಾನದ ಹಾಕಿಯಲ್ಲಿ ಆಫ್‌ಸೈಡ್ ನಿಯಮವನ್ನು 1998ರಲ್ಲೇ ತೆಗೆದುಹಾಕಿದರು. ಇಲ್ಲಿ ಪಕ್‌ಗಿಂತ ಮೊದಲು ನೀಲಿ ಗೆರೆ ದಾಟಿ ಒಳಗೆ ಹೋದರೆ ಆಫ್‌ಸೈಡ್, ಹಾಗಾಗಿ ಆ ಗೆರೆಯೇ ಜೀವ. ದಾಳಿ ನಡೆಯುತ್ತಿರುವಾಗ ಡಿಫೆನ್ಸ್ ಇಬ್ಬರೂ ಗೆರೆಯ ಮೇಲೆ ಕಾವಲು. ಪಕ್ ಬೋರ್ಡ್ ಪಕ್ಕ ಬಂದಾಗ ಮುಂದೆ ನುಗ್ಗಿ ತಡೆಯುವುದನ್ನು ಪಿಂಚ್ ಅಂತಾರೆ. ಫಾರ್ವರ್ಡ್ ಆಗಿದ್ದವರಿಗೆ ಇದು ದೊಡ್ಡ ಆಸೆ, ಪ್ರತಿ ಸಲವೂ ನುಗ್ಗಬೇಕು ಅನಿಸುತ್ತದೆ. ನಾನು ನನಗೇ ಒಂದು ನಿಯಮ ಹಾಕಿಕೊಂಡೆ. ನಮ್ಮ ಮೂರನೇ ಫಾರ್ವರ್ಡ್ ನೀಲಿ ಗೆರೆಯ ಕಡೆಗೆ ನಿಂತಿರುವುದು ಕಣ್ಣಿಗೆ ಕಂಡರೆ ಮಾತ್ರ ಪಿಂಚ್. ಕಾಣದಿದ್ದರೆ ಹಿಂದೆ ಸರಿ. ಇರಬಹುದು ಅಂತ ಊಹೆ ಮಾಡುವಂತಿಲ್ಲ.

ಆ ಮೂರನೇ ಫಾರ್ವರ್ಡ್ ಬಗ್ಗೆ ಹೇಳಲೇಬೇಕು. ಇಬ್ಬರು ಮೂಲೆಯಲ್ಲಿ ಪಕ್‌ಗೆ ಕಾದಾಡುವಾಗ ಮೂರನೆಯವನು ಸ್ವಲ್ಪ ಮೇಲೆ, ಅಂದರೆ ನೀಲಿ ಗೆರೆಯ ಕಡೆಗೆ ನಿಂತು, ಡಿಫೆನ್ಸ್ ಮುಂದೆ ಹೋದರೆ ಅವನ ಜಾಗಕ್ಕೆ ಹಿಂದೆ ಬರಬೇಕು. ಯಾರು ಹೇಳದೆಯೇ ಹಾಗೆ ಬರುತ್ತಾರೋ ಅವರೇ ಡಿಫೆನ್ಸ್‌ಗೆ ಬದಲಿಯಾಗಿ ಹೋಗಬಲ್ಲ ಫಾರ್ವರ್ಡ್. ದೊಡ್ಡ ಮೈ, ಜೋರು ಶಾಟ್, ಚಂದದ ಸ್ಕೇಟಿಂಗ್ ಎಲ್ಲ ಆಮೇಲೆ. ಹಿಂದೆ ಏನಾಗುತ್ತಿದೆ ಅಂತ ನೋಡುವ ಅಭ್ಯಾಸ ಇದೆಯಾ ಅನ್ನುವುದು ಮೊದಲು. ಇದರಲ್ಲಿ ಸೆಂಟರ್‌ಗಳಿಗೆ ಅನುಕೂಲ ಜಾಸ್ತಿ, ಅವರು ನಮ್ಮ ವಲಯದಲ್ಲಿ ಗೋಲಿನ ಮುಂದೆ, ಮೂಲೆಯಲ್ಲಿ ಡಿಫೆನ್ಸ್ ಜೊತೆಗೇ ಕೆಲಸ ಮಾಡುತ್ತಾರೆ. ವಿಂಗರ್‌ಗಳು ಮೇಲೆ ನಿಂತು ಎದುರಾಳಿಯ ಪಾಯಿಂಟ್‌ಗಳನ್ನು, ಅಂದರೆ ನೀಲಿ ಗೆರೆಯ ಮೇಲೆ ನಿಲ್ಲುವ ಅವರ ಡಿಫೆನ್ಸ್‌ನವರನ್ನು, ಕಾಯುತ್ತೇವೆ. ಗೋಲಿನ ಮುಂದೆ ಎದುರಾಳಿಯ ಸ್ಟಿಕ್ ಎತ್ತಿ ಕಟ್ಟಿಹಾಕುವ ಕೆಲಸ ನನಗೆ ಪೂರ್ತಿ ಹೊಸದಾಗಿತ್ತು.

ಈ ಕಲಿಕೆಯ ದಿನಗಳಲ್ಲಿ ದೊಡ್ಡ ಆಟಗಾರರ ಹಳೆಯ ವಿಡಿಯೋಗಳನ್ನು ತುಂಬಾ ನೋಡಿದೆ. ಸೆರ್ಗೆಯ್ ಫೆಡೊರೊವ್ ಡೆಟ್ರಾಯ್ಟ್‌ನ ಸೆಂಟರ್, 1993-94ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಗೆದ್ದವರು. ಅದೇ ವರ್ಷ ರಕ್ಷಣೆಯಲ್ಲಿ ಚೆನ್ನಾಗಿ ಆಡುವ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಟ್ರೋಫಿ ಕೂಡ ಅವರಿಗೇ, 1996ರಲ್ಲಿ ಇನ್ನೊಂದು ಸಲ. 1996-97ರಲ್ಲಿ ಕೋಚ್ ಸ್ಕಾಟಿ ಬೌಮನ್ ಅವರನ್ನು ಕೆಲ ಕಾಲ ಡಿಫೆನ್ಸ್‌ನಲ್ಲಿ ಆಡಿಸಿದರು. ಆ ವರ್ಷವೇ ಡೆಟ್ರಾಯ್ಟ್ ಎನ್‌ಎಚ್‌ಎಲ್ ಚಾಂಪಿಯನ್‌ಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಸೆಲ್ಕಿ ಗೆದ್ದವರು ಡಿಫೆನ್ಸ್‌ಗೆ ಹೋಗಿ ನಿಂತದ್ದು ನನಗೆ ಆಶ್ಚರ್ಯ ಅನಿಸಲೇ ಇಲ್ಲ. ಅವರು ಮೊದಲಿನಿಂದಲೂ ಹಿಂದೆ ನೋಡುತ್ತಲೇ ಆಡಿದವರು.

ಬ್ರೆಂಟ್ ಬರ್ನ್ಸ್ ಅವರದ್ದು ಬೇರೆ ದಾರಿ. 2003ರಲ್ಲಿ ಮಿನೆಸೋಟ ಅವರನ್ನು ಆರಿಸಿಕೊಂಡಾಗ ಅವರು ರೈಟ್ ವಿಂಗರ್. ಅಲ್ಲಿ ಡಿಫೆನ್ಸ್‌ಮನ್ ಆದರು, ಸ್ಯಾನ್ ಹೋಸೆಗೆ ಹೋದ ಮೇಲೆ 2013-14ರಲ್ಲಿ ಮತ್ತೆ ಫಾರ್ವರ್ಡ್, ಆಮೇಲೆ ತಿರುಗಿ ಡಿಫೆನ್ಸ್. 2017ರಲ್ಲಿ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಗೆದ್ದರು. ವಿಂಗರ್ ಆಗಿದ್ದವರು, ಅದೂ ರೈಟ್ ಶಾಟ್, ಇಷ್ಟು ಎತ್ತರಕ್ಕೆ ಹೋಗಿದ್ದಾರೆ ಅನ್ನುವುದು ನನಗೆ ದೊಡ್ಡ ಧೈರ್ಯ ಕೊಟ್ಟಿತು. ಅವರಿಗೂ ಮೊದಲು ರೆಡ್ ಕೆಲ್ಲಿ ಇದನ್ನೇ ತಿರುಗುಮುರುಗಾಗಿ ಮಾಡಿದ್ದರು. 1954ರಲ್ಲಿ ಮೊಟ್ಟಮೊದಲ ನಾರಿಸ್ ಟ್ರೋಫಿ ಗೆದ್ದ ಡಿಫೆನ್ಸ್‌ಮನ್, 1960ರಲ್ಲಿ ಟೊರಾಂಟೊಗೆ ಬಂದು ಸೆಂಟರ್ ಆಗಿ ಅಲ್ಲಿ ನಾಲ್ಕು ಸ್ಟ್ಯಾನ್ಲಿ ಕಪ್ ಗೆದ್ದರು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಸಾಮಿ ಕಪಾನೆನ್. ಫಿನ್‌ಲ್ಯಾಂಡ್‌ನ ವಿಂಗರ್, ಮೈಕಟ್ಟು ಚಿಕ್ಕದು, ಕಾಲು ಮಾತ್ರ ಬಹಳ ಚುರುಕು. ಎನ್‌ಎಚ್‌ಎಲ್ ಪಂದ್ಯಕ್ಕೆ ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್ ಮತ್ತು 2 ಗೋಲಿಗಳು ಸಜ್ಜಾಗುತ್ತಾರೆ, ಡಿಫೆನ್ಸ್‌ನವರಿಗೆ ಸಾಲುಸಾಲಾಗಿ ಗಾಯವಾದರೆ ಲೆಕ್ಕ ತಪ್ಪುತ್ತದೆ. 2004ರ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಸರಣಿಗಳಲ್ಲಿ, ಫಿಲಡೆಲ್ಫಿಯಾಗೆ ಹಾಗೇ ಆಯಿತು. ಕಪಾನೆನ್ ಡಿಫೆನ್ಸ್‌ಗೆ ಹೋಗಿ ನಿಂತರು. ಟೊರಾಂಟೊ ವಿರುದ್ಧದ ಸರಣಿಯ ಆರನೇ ಪಂದ್ಯದಲ್ಲಿ ಡಾರ್ಸಿ ಟಕರ್ ಅವರಿಂದ ಭಾರಿ ಪೆಟ್ಟು ತಿಂದು, ನೆಟ್ಟಗೆ ನಿಲ್ಲಲೂ ಆಗದೆ ಬಿದ್ದು ಎದ್ದು ಬೆಂಚ್ ಸೇರಿದ ದೃಶ್ಯ ಐಸ್ ಹಾಕಿ ನೋಡುವವರಿಗೆಲ್ಲ ಗೊತ್ತು. ಅವರು ಬೆಂಚ್ ಮುಟ್ಟಿದ ಮೇಲೆ ಜೆರೆಮಿ ರೋನಿಕ್ ಹೆಚ್ಚುವರಿ ಸಮಯದ ಗೋಲು ಹೊಡೆದು ಸರಣಿ ಮುಗಿಸಿದರು. ಆ ಪೆಟ್ಟಿನ ವಿಡಿಯೋ ನನಗೆ ಈಗ ನೋಡಲು ಆಗುವುದಿಲ್ಲ, ತಲೆಗೆ ಬಿದ್ದ ಪೆಟ್ಟು ಎಷ್ಟು ಅಪಾಯ ಅಂತ ಈಗ ಎಲ್ಲರಿಗೂ ಗೊತ್ತಿದೆ. ಆದರೆ ಆ ಪ್ಲೇಆಫ್‌ನಲ್ಲಿ ಅವರು ಡಿಫೆನ್ಸ್ ಆಡಿದ ರೀತಿ ನೋಡಬೇಕು. ಜಾಣತನ ಮತ್ತು ಕಾಲು ಇದ್ದರೆ ಚಿಕ್ಕ ಮೈಯವರೂ ಆ ಜಾಗ ತುಂಬಬಹುದು.

ದಣಿವಿನ ವಿಷಯ ಬೇರೆಯೇ. ಫಾರ್ವರ್ಡ್ ಶಿಫ್ಟ್ ಅಂದರೆ ಮುಕ್ಕಾಲು ನಿಮಿಷ ಪೂರ್ತಿ ಓಟ, ಆಮೇಲೆ ಬೆಂಚ್. ಡಿಫೆನ್ಸ್‌ನಲ್ಲಿ ಜನ ಕಡಿಮೆ, ಜಾಸ್ತಿ ಹೊತ್ತು ಐಸ್ ಮೇಲಿರಬೇಕು, ಹಾಗಾಗಿ ಉಸಿರು ಉಳಿಸಿಕೊಂಡು ಆಡಲು ಕಲಿಯಬೇಕು. ಎರಡನೇ ಪೀರಿಯಡ್‌ನಲ್ಲಿ ತುದಿ ಬದಲಾಗಿ ನಮ್ಮ ಬೆಂಚ್ ನಮ್ಮ ಗೋಲಿನಿಂದ ದೂರ ಹೋಗುತ್ತದೆ. ಒಳಗೆ ಸಿಕ್ಕಿಕೊಂಡರೆ ಬದಲಾಯಿಸಿಕೊಳ್ಳಲು ದಾರಿಯೇ ಇರುವುದಿಲ್ಲ. ತೊಡೆ ಉರಿಯುತ್ತಿರುವಾಗ ಪಕ್ ಸಿಕ್ಕರೆ ಚಂದದ ಪಾಸ್ ಹುಡುಕಬಾರದು, ಮಧ್ಯದ ಕೆಂಪು ಗೆರೆ ದಾಟಿಸಿ ಆ ಕಡೆಗೆ ತಳ್ಳಿ ಇಳಿದುಬಿಡಬೇಕು. ಬದಲಿಯಾಗಿ ಹೋಗುವ ಫಾರ್ವರ್ಡ್‌ಗಳಿಗೆ ನಾನು ಹೇಳುವ ಮಾತು ಇದೇ. ಅಲ್ಲಿ ಹೋಗಿ ಹೀರೋ ಆಗಬೇಡಿ. ಹತ್ತಿರದ ಪಾಸ್ ಕೊಡಿ, ಗೋಲಿನ ಮುಂದೆ ನಿಲ್ಲಿ, ಜೊತೆಗಾರನಿಗಿಂತ ಮುಂದೆ ಹೋಗಬೇಡಿ.

ಈ ಸೀಸನ್‌ನಲ್ಲೂ ನಾನು ರೈಟ್ ವಿಂಗರ್. ಡಿಫೆನ್ಸ್‌ನವರು ಯಾರಾದರೂ ಬರದಿದ್ದರೆ ಮಧ್ಯಾಹ್ನವೇ ಕ್ಯಾಪ್ಟನ್ ಮೆಸೇಜ್ ಹಾಕುತ್ತಾರೆ, ಹಿಂದೆ ಹೋಗುತ್ತೇನೆ. ಈ ನಡುವೆ ನಮ್ಮ ಇನ್ನೊಬ್ಬ ವಿಂಗರ್ ತಾನೂ ಕಲಿಯಬೇಕು ಅಂದಿದ್ದಾರೆ. ಅವರು ಲೆಫ್ಟ್ ಶಾಟ್, ಎಡಗಡೆಗೆ ಸರಿಹೋಗುತ್ತಾರೆ. ಕಳೆದ ಪಂದ್ಯದಲ್ಲಿ ನಾನು ಪಿಂಚ್ ಮಾಡಿದಾಗ ಯಾರೂ ಕೂಗದೆಯೇ ಅವರು ನನ್ನ ಜಾಗಕ್ಕೆ ಬಂದು ನಿಂತಿದ್ದರು, ಅದನ್ನು ನೋಡಿಯೇ ನಾನು ಹೂಂ ಅಂದೆ. ಬರುವ ವಾರ ಮಧ್ಯಾಹ್ನದ ರಿಂಕ್‌ಗೆ ಇಬ್ಬರೂ ಹೋಗುತ್ತೇವೆ, ತಿರುಗುವುದರಿಂದಲೇ ಶುರು.